ಹಾದಿಯಿಲ್ಲದ ಎರಡೆಕರೆ

ಆಗೆಲ್ಲ ನಮ್ಮ ತಿರ್ಲಾಪುರದಲ್ಲಿ ನಾಗರ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಓಣಿಗೆ ಕಾಲಿಟ್ಟರೆ ಹುರಿದ ಶೇಂಗಾದ ವಾಸನೆ, ಬೆಲ್ಲದ ಪಾಕದ ವಾಸನೆ. ಲಂಗದ ಉಡಿಯಲ್ಲಿ ಎಳ್ಳುಂಡಿ ಕಟ್ಟಿಕೊಂಡು, ಜೋಕಾಲಿ ಇದ್ದಲ್ಲೆಲ್ಲ ಓಡುತ್ತಿದ್ದೆವು. ಎಲ್ಲಕ್ಕಿಂತ ಎತ್ತರದ ಜೋಕಾಲಿ ನಮ್ಮ ಹಿತ್ತಲಿನ ಬೇವಿನ ಮರದ್ದು. ಅದನ್ನು ಕಟ್ಟುತ್ತಿದ್ದವನು ಅಪ್ಪ. ನಾನು ಐದನೆಯ ತರಗತಿಯಲ್ಲಿದ್ದ ವರ್ಷದ ಪಂಚಮಿಯ ಹೊತ್ತಿಗೆ ಅವ್ವ, ನಾನು ಆ ಮನೆ ಬಿಟ್ಟಾಗಿತ್ತು.

ಅಪ್ಪ ನವಲಗುಂದದಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ಕೇಳಿದ್ದಕ್ಕೆ ಅವ್ವನ ಮೇಲೆ ಕೈ ಮಾಡಿದ. ಅವ್ವ ನನ್ನನ್ನು ಕರೆದುಕೊಂಡು ಹೊರಬಿದ್ದು, ತಿರ್ಲಾಪುರದಲ್ಲೇ ಶಾಲೆಯ ಹಿಂದೆ ಒಂದು ಬಾಡಿಗೆ ಖೋಲಿ ಹಿಡಿದಳು. ತವರಿಗೆ ಹೋಗು ಎಂದವರಿಗೆಲ್ಲ ಅವಳದು ಒಂದೇ ಉತ್ತರ: "ತಪ್ಪು ಮಾಡಿದಾಂವ ಊರಾಗ ಇರ್ತಾನ, ನಾ ಯಾಕ ಬಿಡ್ಲಿ?"

ವಿಚ್ಛೇದನ ಆಗುವ ಹೊತ್ತಿಗೆ ಕೋರ್ಟಿನಲ್ಲಿ ಜೀವನಾಂಶದ ಮಾತು ಬಂತು. ರೊಕ್ಕ ಕೊಡುವುದಿಲ್ಲ, ಬೇಕಾದರೆ ಹೊಲ ಬರೆದುಕೊಡುತ್ತೇನೆ ಎಂದ ಅಪ್ಪ. ಹಳ್ಳದ ದಂಡೆಗೆ ಹತ್ತಿದ ಎರಡೆಕರೆ ಕಪ್ಪುಮಣ್ಣಿನ ಎರಿ ಭೂಮಿ. ಅವ್ವನ ತಮ್ಮ, ನಮ್ಮ ಮಾಮಾ, ಕೋರ್ಟಿನ ಕಟ್ಟೆಯ ಮೇಲೆ ಕೂತು ಹೇಳಿದ: "ತಗೋ ಅಕ್ಕಾ. ರೊಕ್ಕಾದ್ರ ಉಂಡು ಮುಗೀತೈತಿ. ಭೂಮಿ ಎಲ್ಲಿಗಿ ಹೋಗೂದೈತಿ?" ಅವ್ವ ಸಹಿ ಹಾಕಿದಳು.

ಆ ಎರಡೆಕರೆಯ ಮುಂದಿನ ಹೊಲವೆಲ್ಲ ಅಪ್ಪನದೇ. ಅದನ್ನು ದಾಟದೆ ಬಂಡಿಯಾಗಲಿ ಟ್ರ್ಯಾಕ್ಟರಾಗಲಿ ಒಳಗೆ ಹೋಗಲಾರದು. ಇದು ಎಲ್ಲರಿಗೂ ಗೊತ್ತಿತ್ತು. ಹಾದಿಯನ್ನೂ ಬರೆಸಿಕೊಳ್ಳಬೇಕೆಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ, ಅಪ್ಪನೊಬ್ಬನನ್ನು ಬಿಟ್ಟು.

ಮುಂಗಾರಿಗೆ ಅವ್ವ ಹೆಸರು ಬಿತ್ತಿಸಿದಳು. ಬಾಡಿಗೆ ಟ್ರ್ಯಾಕ್ಟರು ಅಪ್ಪನ ಹೊಲದ ಹಾದಿಯಲ್ಲೇ ಹೋಯಿತು. ಅಪ್ಪ ಬದುವಿನ ಮೇಲೆ ನಿಂತು ನೋಡಿದ, ತಡೆಯಲಿಲ್ಲ. "ಸಿಟ್ಟು ಇಳದೈತಿ ಕಾಣಸ್ತೈತಿ," ಎಂದಳು ಅವ್ವ, ಅಂದು ಸಂಜೆ ರೊಟ್ಟಿ ಬಡಿಯುತ್ತ. ಆ ವರ್ಷ ಬೆಳೆಯೂ ಚಲೋ ಬಂತು. ಶಾಲೆ ಬಿಟ್ಟೊಡನೆ ನಾನು ಹೊಲಕ್ಕೆ ಓಡಿ ಹಸಿ ಹೆಸರುಕಾಯಿ ಸುಲಿದು ತಿನ್ನುತ್ತಿದ್ದೆ. ಬೆರಳೆಲ್ಲ ಹಸಿರು ವಾಸನೆ.

ಆ ವರ್ಷ ಪಂಚಮಿ ತಡವಾಗಿ ಬಂತು. ಹಬ್ಬದ ಹೊತ್ತಿಗೆ ಕಾಯಿ ಒಣಗಿ ಕಪ್ಪಾಗಿದ್ದವು, ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಹಬ್ಬದ ಮೊದಲ ದಿನ, ರೊಟ್ಟಿ ಪಂಚಮಿಯ ಬೆಳಿಗ್ಗೆ, ಅವ್ವ, ನಾನು, ಕೂಲಿಗೆ ಬಂದ ನೀಲವ್ವ ಕಾಯಿ ಬಿಡಿಸಲು ಹೊರಟೆವು. ಅಪ್ಪನ ಹೊಲದ ಬಾಯಿಗೆ ಜಾಲಿಮುಳ್ಳು ಅಡ್ಡ ಬಿದ್ದಿತ್ತು. ಮುಳ್ಳಿನ ಆಚೆ ಅಪ್ಪ ಕುಂತಿದ್ದ.

"ಮುಳ್ಳು ತಗೀರಿ," ಎಂದಳು ಅವ್ವ.

"ಕೋರ್ಟಿನಾಗ ಹೊಲ ಕೇಳಿದಿ, ಕೊಟ್ಟೇನಿ. ಹಾದಿ ಕೇಳೀಯೇನು? ಹಾರಿಕೊಂಡು ಹೋಗು."

"ಬಿತ್ತುವಾಗ ಯಾಕ ಸುಮ್ಮನಿದ್ರಿ?"

"ಬೆಳೀಲಿ ಅಂತ."

ಅವ್ವನ ಮುಖ ಸುಣ್ಣದಂತಾಯಿತು. "ಎಂಥಾ ಹೇಸಿ ಮನಷ್ಯಾ ಇದ್ದೀಯೋ ನೀ!" ಅಪ್ಪನನ್ನು ಅವಳು ಏಕವಚನದಲ್ಲಿ ಮಾತಾಡಿಸಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ, ಹೊಡೆತ ತಿಂದ ದಿನವೂ. ಅಪ್ಪ ನಕ್ಕ. ಅವ್ವ ಉಗುಳಿ, ಸೆರಗು ಬಿಗಿದು, ಹಳ್ಳಕ್ಕೆ ಇಳಿದಳು.

ಹಳ್ಳದಲ್ಲಿ ನೀರು ಮೊಳಕಾಲಿನವರೆಗೆ. ಎರಿ ಕೆಸರು ಕಾಲು ಹಿಡಿದರೆ ಬಿಡುತ್ತಿರಲಿಲ್ಲ. ಕಾಯಿ ಬಿಡಿಸಿ ಗಂಟು ಕಟ್ಟಿ, ಆ ಕೆಸರಲ್ಲೇ ತಲೆಯ ಮೇಲೆ ಹೊತ್ತು ಸುತ್ತುಹಾಕಿ ತರಬೇಕು. ಎರಡನೇ ಸಲಕ್ಕೇ ನೀಲವ್ವ ಜಾರಿ ಬಿದ್ದು, ಗಂಟು ನೀರುಪಾಲಾಯಿತು. ಹನಿ ಶುರುವಾಗಿತ್ತು. ನನ್ನ ತಲೆಯ ಮೇಲೂ ಒಂದು ಸಣ್ಣ ಗಂಟಿತ್ತು. ಏನು ಧೈರ್ಯವೋ, ಹಳ್ಳಕ್ಕೆ ಇಳಿಯದೆ ಅಪ್ಪನ ಹೊಲದಲ್ಲೇ ನೆಟ್ಟಗೆ ನಡೆದು ಮುಳ್ಳಿನ ಹತ್ತಿರ ಬಂದೆ.

ಅಪ್ಪ ಬಡಿಗೆಯಿಂದ ಮುಳ್ಳು ಸರಿಸಿದ. "ಬಾರವಾ. ನಿನಗ ಹಾದಿ ಐತಿ. ಗಂಟು ಅಲ್ಲೇ ಒಗದು ಬಾ. ಜೋಕಾಲಿ ಕಟ್ಟೇನಿ, ಮನಿಗಿ ಹೋಗೂಣು."

ಗಂಟು ತಲೆಯ ಮೇಲೆ ಒತ್ತುತ್ತಿತ್ತು. ತಿರುಗಿ ನೋಡಿದೆ. ಹಳ್ಳದಲ್ಲಿ ಅವ್ವ ಸೊಂಟದವರೆಗೆ ಕೆಸರಾಗಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಅವ್ವನ್ನೂ ಬಿಡು. ಆಗ ಬರ್ತೇನಿ," ಎಂದೆ.

ಅಪ್ಪನ ಮುಖ ಗಟ್ಟಿಯಾಯಿತು. ನನ್ನನ್ನು ಹೊರಗೆ ಬಿಡದೆಯೇ ಮುಳ್ಳನ್ನು ಮತ್ತೆ ಎಳೆದು ಹಾಕಿದ. "ಹಂಗಾರ ನೀನೂ ಕೋರ್ಟಿಗಿ ಹೋಗಿ ಕೇಳು, ಹೋಗು."

ನಾನು ವಾಪಸು ನಡೆದು ಹಳ್ಳಕ್ಕೆ ಇಳಿದೆ. ಮಧ್ಯಾಹ್ನದ ಹೊತ್ತಿಗೆ ಜೋರಾದ ಮಳೆ ಹಬ್ಬ ಮುಗಿದರೂ ಬಿಡಲಿಲ್ಲ. ಬಿಡಿಸದೆ ಉಳಿದ ಕಾಯಿ ಗಿಡದಲ್ಲೇ ಮೊಳಕೆಯೊಡೆದವು. ಆ ಹುಳಿ ವಾಸನೆ ಎಷ್ಟೋ ದಿನ ನನ್ನ ಮೂಗಿನಲ್ಲಿತ್ತು.

ಹಾದಿಗಾಗಿ ಅವ್ವ ಅರ್ಜಿ ಹಾಕಿ ಅಲೆದಳು. ಕೊನೆಗೆ ಅಧಿಕಾರಿಗಳು ಬಂದು ಹಾದಿ ಬಿಡಿಸಿಕೊಟ್ಟರು. ಅದು ಸಿಕ್ಕ ವರ್ಷವೇ ಅವ್ವ ಹೊಲ ಮಾರಿದಳು. ಹೆಚ್ಚಿನ ಬೆಲೆಗೆ ತಾನೇ ಕೊಳ್ಳುತ್ತೇನೆಂದು ಅಪ್ಪ ಹೇಳಿ ಕಳಿಸಿದ್ದ. ಅವ್ವ ಹಳ್ಳದಾಚೆಯ ರೈತನಿಗೆ ಕಡಿಮೆಗೆ ಕೊಟ್ಟಳು. "ಅವಗ ಮಾತ್ರ ಇಲ್ಲ," ಎಂದಳು. ಆ ಹಣದಲ್ಲಿ ನಾನು ಓದಿದೆ. ಈಗ ಅಣ್ಣಿಗೇರಿಯಲ್ಲಿ ಶಿಕ್ಷಕಿ. ಅವ್ವ ನನ್ನ ಜೊತೆಗಿದ್ದಾಳೆ.

ಯಾರಿಗೆ ಎಷ್ಟು ಎಂದು ಕೋರ್ಟು ಹಂಚಿತು. ನನಗಿದ್ದ ಅಪ್ಪ ಯಾರ ಪಾಲಿಗೆ ಹೋದ ಎಂದು ಮಾತ್ರ ಯಾರೂ ವಿಚಾರಿಸಲಿಲ್ಲ. ಮೊನ್ನೆ ನಾನು, ನನ್ನ ಮಗಳು ನವಲಗುಂದದಲ್ಲಿ ತುಂಬಿದ ಬಸ್ಸು ಹತ್ತಿದೆವು. ಮುಂದಿನ ಸೀಟಿನ ಮುದುಕರೊಬ್ಬರು ಮಗಳಿಗೆ ಸರಿದು ಜಾಗ ಕೊಟ್ಟರು. "ಕುಂಡ್ರವಾ," ಎಂದ ದನಿಯಿಂದಲೇ ಅಪ್ಪ ಎಂದು ಗೊತ್ತಾಯಿತು. ಆತ ತಲೆಯೆತ್ತಿ ನನ್ನನ್ನು ನೋಡಿದ.

"ಅವ್ವಾ, ಈ ಅಜ್ಜ ನಿನಗ ಗೊತ್ತೇನು?" ಎಂದು ಮಗಳು ನನ್ನನ್ನು ಕೇಳಿದಳು.

"ನಮ್ಮೂರಾವ್ರು," ಎಂದೆ.

"ಹೂನವಾ," ಎಂದ ಆತ, ಮಗಳಿಗೆ. "ನಿಮ್ಮವ್ವನ ಊರಾಂವ." ಆಮೇಲೆ ಕಿಟಕಿಯ ಕಡೆ ತಿರುಗಿ ಕುಳಿತ. ನಾವು ಇಳಿಯುವವರೆಗೂ ಇತ್ತ ನೋಡಲಿಲ್ಲ.