ಕೇಳದೆ ಬಂದ ಟೋಪಿ

...ನನ್ನನ್ನು ಹುಟ್ಟಿದಾಗ ಗಂಡು ಎಂದರು, ನನಗೂ ಹಾಗೇ ಅನಿಸಿತು. ನನ್ನಂಥವರಿಗೂ ಒಂದು ಹೆಸರಿದೆ, ಸಿಸ್‌ಜೆಂಡರ್ ಎಂದೇನೋ ಗೆಳತಿ ಸುನಂದಾ ಒಮ್ಮೆ ಹೇಳಿದ್ದಳು. ಅವಳನ್ನೂ ಹುಟ್ಟಿದಾಗ ಗಂಡು ಎಂದಿದ್ದರು. ಅವಳಿಗೆ ಹಾಗೆ ಅನಿಸಲಿಲ್ಲ.

ಇವತ್ತು ಶಿರಗುಪ್ಪಿಯಲ್ಲಿ ಅವಳ ಅಣ್ಣನ ಹೊಸಮನೆಯ ವಾಸ್ತುಶಾಂತಿ, ಗೆಳೆಯರೇ. ಬಂದ ಗಂಡಸರಿಗೆ ಟೋಪಿ-ಟಾವೆಲ್, ಹೆಂಗಸರಿಗೆ ಕುಬಸದ ಖಣ, ಅಂದರೆ ರವಿಕೆ ಬಟ್ಟೆ. ನನಗೆ ಟೋಪಿ ಕೇಳದೆಯೇ ಬಂತು. ಹೆಂಗಸರ ಸಾಲಿನಲ್ಲಿ ಸೀರೆಯುಟ್ಟು ಕೂತಿದ್ದ ಸುನಂದಾಳ ಮುಂದೆಯೂ ಅಣ್ಣ ಟೋಪಿ ಹಿಡಿದು ನಿಂತ.

"ಖಣ ಕೊಡು, ದಾದಾ."

"ಮೊದ್ಲ ಡಾಕ್ಟರ್ ಕಾಗದ ತೋರ್ಸಲೇ."

ಅವಳು ನನ್ನತ್ತ ಕೈ ಮಾಡಿದಳು. "ಇವ್ರು ತೋರ್ಸ್ಯಾರೇನು?"

"ಅವ್ರದೇನ್ ತೋರ್ಸೂದು? ಕಾಣತೈತಲ್ಲ!"

ಎಲ್ಲರೂ ನಕ್ಕರು. ಅವಳು ಉಣ್ಣದೆ ಎದ್ದುಹೋದಳು. ನಾನು ಟೋಪಿ ಹಾಕಿಕೊಂಡೇ ಹೋಳಿಗೆ ತಿಂದೆ.

ಸುನಂದಾ, ನಿನ್ನ ಜೊತೆ ಎದ್ದು ಬರಲು ನನಗೆ ಯಾರ ಕಾಗದ ಬೇಕಿತ್ತು?