ಖಾಲಿ ಮಾಡಿಟ್ಟ ಮಾಳಿಗೆ

ಈ ಸಲ ಯುಗಾದಿಗೆ ಮುಂಚೆ ನಾರಾಯಣಪೇಟೆಯ ನಮ್ಮ ಬಾಡಿಗೆ ಮನೆಗೆ ಸುಣ್ಣ ಬಳಿಸಿದೆವು. ಬಣ್ಣದ ಡಬ್ಬಿಗಳ ಕಾಲದಲ್ಲಿ ಸುಣ್ಣ ಯಾಕೆ ಎಂದು ಮಗಳು ಮೂಗು ಮುರಿದಳು, ಆದರೆ ಮಾಲೀಕರು ಹಟ ಬಿಡಲಿಲ್ಲ. ಹಸಿ ಗೋಡೆಯ ಆ ಘಾಟು ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಕೆಲಸ ನಿಂತಿತು. ಎಷ್ಟೋ ವರ್ಷದ ಹಿಂದಿನ ಒಂದು ಶಾಲೆ, ಅದರ ಬಾಗಿಲು ಹಾಕಿದ ಮಾಳಿಗೆ ಕೋಣೆ, ಆ ಬಾಗಿಲ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ ಬಾಜೂ ಮನೆಯ ಹುಡುಗಿ... ಎಲ್ಲ ಒಟ್ಟಿಗೆ ನೆನಪಿಗೆ ಬಂದವು.

ಆಗ ನಾನು ಮಕ್ತಲ್ ಕಡೆಯ ಒಂದು ಹಳ್ಳಿಯಲ್ಲಿ ಕನ್ನಡ ಶಾಲೆಯ ಟೀಚರಾಗಿದ್ದೆ. ತೆಲಂಗಾಣದಲ್ಲಿ ಕನ್ನಡ ಶಾಲೆಯೇ ಎಂದು ಹೊರಗಿನವರು ಹುಬ್ಬೇರಿಸುತ್ತಾರೆ. ನಮಗೇನೂ ಅದು ವಿಚಿತ್ರವಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ನಿಜಾಮರ ಕಾಲದ ಉರ್ದು ಮಾತು. ನಾವು ಬೆಳೆದದ್ದೇ ಹಾಗೆ. ಆದರೆ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಒಂದು ನೆಪ ಸಿಕ್ಕರೆ ಸಾಕು, ನಮ್ಮನ್ನು ತೆಲುಗು ಶಾಲೆಯೊಳಗೆ ಸೇರಿಸಿ ಕೈ ತೊಳೆದುಕೊಳ್ಳುತ್ತಾರೆ ಎಂಬ ಹೆದರಿಕೆ ಎಲ್ಲರಿಗೂ ಇತ್ತು. ಅಂಥದರಲ್ಲಿ ಒಂದು ಮಳೆಗಾಲ ಕಟ್ಟಡದ ಹಿಂಬದಿ ಗೋಡೆಯಲ್ಲಿ ಬಿರುಕು ಕಾಣಿಸಿಕೊಂಡಿತು.

ಆ ಹುಡುಗಿ ಗದ್ವಾಲದವಳು. ನಮ್ಮ ಪಕ್ಕದ ಮನೆಯಲ್ಲಿ ಆಕೆಯ ಸೋದರತ್ತೆ ಇದ್ದರು. ಚಿಕ್ಕಂದಿನಲ್ಲಿ ಅತ್ತೆಯ ಮನೆಯಲ್ಲಿದ್ದುಕೊಂಡು ಇದೇ ಶಾಲೆಯಲ್ಲಿ ಅ ಆ ತಿದ್ದಿದವಳು, ಈಗ ಹೈದರಾಬಾದಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಕಟ್ಟಡವನ್ನು ಒಡೆಯದೆ, ಅದರ ಯಾವ ಭಾಗ ಒಳಗೊಳಗೇ ಸೊರಗಿದೆ ಎಂದು ಕಂಡುಹಿಡಿಯುವುದು ಆಕೆಯ ವಿಷಯ. ನಮ್ಮ ಹೆಡ್ ಮಾಸ್ತರರು ತಾವಾಗಿಯೇ ಆಕೆಯ ಅತ್ತೆಯ ಮನೆಗೆ ಹೋಗಿ ಕೇಳಿಕೊಂಡರು. "ನೀ ಕಲ್ತ ಸಾಲಿ ಐತವ್ವಾ. ಗಟ್ಟಿ ಐತಿ ಅಂತ ಒಂದು ಕಾಗದ ಬರದು ಕೊಡು, ಸಾಕು."

ಕಾಗದ ಬರೆಯುವ ಮೊದಲು ಅಳೆದು ನೋಡಬೇಕು ಎಂದಳು. ಅದೇನು ಅಳೆಯುತ್ತೀ ಎಂದು ನಾನು ಸಂಜೆ ಕಟ್ಟೆಯ ಮೇಲೆ ಕೂತು ಕೇಳಿದೆ. ಕಟ್ಟಡದ ಅಲ್ಲಲ್ಲಿ ಸಣ್ಣ ಸೆನ್ಸರುಗಳನ್ನು ಅಂಟಿಸುವುದು, ರಬ್ಬರಿನ ಸುತ್ತಿಗೆಯಿಂದ ಬಡಿದು ಅದು ಹೇಗೆ ನಡುಗುತ್ತದೆ ಎಂದು ಹಿಡಿದಿಟ್ಟುಕೊಳ್ಳುವುದು. ಕಂಪ್ಯೂಟರಿನೊಳಗೆ ಇದೇ ಶಾಲೆಯ ಇನ್ನೊಂದು ಲೆಕ್ಕದ ರೂಪ ಇರುತ್ತದೆ. ಯಾವ ಕಂಬ ಎಷ್ಟು ಬಲ ಕಳೆದುಕೊಂಡಿದ್ದರೆ ಆ ಲೆಕ್ಕದ ಶಾಲೆಯೂ ಹೀಗೆಯೇ ನಡುಗೀತು ಎಂದು ಊಹಿಸುತ್ತ ಹೋಗುವುದು.

"ಊಹೆ ಒಂದೆರಡಲ್ರೀ ಅಕ್ಕೋರ. ಜ್ವಾಳದ ಹೊಲಕ್ಕ ಗುಬ್ಬಿ ಹಿಂಡು ಇಳೀತಾವಲ್ರಿ, ಹಂಗ. ಒಂದೊಂದು ಒಂದೊಂದು ಕಡಿ ಹುಡುಕ್ತೈತಿ. ಒಂದಕ್ಕ ಕಾಳು ಸಿಕ್ರ ಉಳಿದವೂ ಆ ಕಡಿ ಹಾರ್ತಾವ. ಕಡೀಕ ಎಲ್ಲಾ ಒಂದಽ ಜಾಗಾಕ್ಕ ಬಂದು ಕೂಡ್ತಾವ."

"ತಪ್ಪು ಹೊಲಕ್ಕ ಇಳಿದ್ರ?" ಎಂದು ಛೇಡಿಸಿದೆ.

"ಹೊಲ ತೋರ್ಸಾಕಿ ನಾನಽ ಅಲ್ರೀ. ಬೈಗುಳ ನನಗ, ಗುಬ್ಬಿಗಲ್ಲ," ಎಂದು ನಕ್ಕಳು.

ಮೊದಲ ಸಲ ಬಂದಾಗ ಆಕೆ ಕಂಬ, ತೊಲೆ, ಗೋಡೆ ಎಲ್ಲ ಅಳೆದುಕೊಂಡು ಹೋದಳು. ಮಾಳಿಗೆ ಕೋಣೆಯಲ್ಲಿ ಬಿಸಿಯೂಟದ ಅಕ್ಕಿ ಚೀಲ, ಮುರಿದ ಬೆಂಚು, ಹಳೆಯ ಪಠ್ಯಪುಸ್ತಕಗಳ ಕಟ್ಟು ಛತ್ತಿನ ಹತ್ತಿರದವರೆಗೆ ತುಂಬಿದ್ದನ್ನು ನೋಡಿ, ಅದರ ಭಾರವನ್ನೂ ಅಂದಾಜು ಹಾಕಿಕೊಂಡಳು. ಮಿಷನ್ನು ತಂದು ನಿಜವಾಗಿ ಅಳೆಯುವುದು ಮುಂದಿನ ವಾರ ಎಂದು ಗೊತ್ತಾಯಿತು.

ಇನ್ನು ಕೇಳಬೇಕೆ! ನಮ್ಮಲ್ಲಿ ಯಾರಾದರೂ ನೋಡಲು ಬರುತ್ತಾರೆಂದರೆ ಇನ್‌ಸ್ಪೆಕ್ಷನ್ನೇ. ಇನ್‌ಸ್ಪೆಕ್ಷನ್ ಎಂದರೆ ಕಸ ಹೊಡೆಯುವುದು, ಸುಣ್ಣ ಬಳಿಯುವುದು, ಕಣ್ಣಿಗೆ ಕಾಣಬಾರದ್ದನ್ನು ಬೇರೆ ಕಡೆ ಸಾಗಿಸುವುದು. ಹೆಡ್ ಮಾಸ್ತರರು ಧೋತರ ಎತ್ತಿ ಕಟ್ಟಿ ಮುಂದೆ ನಿಂತರು. ಊರವರು ಕೈಹಚ್ಚಿದರು. ಮಾಳಿಗೆಯ ಸರಂಜಾಮೆಲ್ಲ ಇಳಿದು ಅಡುಗೆಯ ಶೆಡ್ಡಿಗೂ ಗುಡಿಯ ಪಡಸಾಲೆಗೂ ಹೋಯಿತು. ಕೋಣೆ ಬೆಳ್ಳಗೆ ಮಿಂಚಿತು. ಆಕೆ ಬಂದ ದಿನ ಸುಣ್ಣ ಇನ್ನೂ ಹಸಿ, ಮಾಳಿಗೆ ಕೋಣೆಯ ಬಾಗಿಲು ಹಾಕಿತ್ತು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಒಳಗೆ ಹೋಗಲು ನಿಂತವಳನ್ನು ಮಾಸ್ತರರೇ ತಡೆದರು. "ಬ್ಯಾಡವ್ವಾ, ಕಾಲಿಗೆ ಹತ್ತತೈತಿ." ಆಕೆ ಹೊರಗಿನ ಕಂಬಗಳಿಗೆ, ಛತ್ತಿನ ಹೊರಮೈಗೆ ತನ್ನ ಸೆನ್ಸರು ಡಬ್ಬಿಗಳನ್ನು ಅಂಟಿಸಿ ಕೆಲಸ ಮುಗಿಸಿಕೊಂಡು ಹೋದಳು.

ಫಲಿತಾಂಶ ಬಂದಾಗ ಶಾಲೆಯಲ್ಲಿ ಹಬ್ಬ. ಕಂಬಗಳಿಗೆ ಹೇಳಿಕೊಳ್ಳುವಂಥ ದೋಷವಿಲ್ಲ, ಬಿರುಕು ಬರೀ ಗೋಡೆಗೆ ಮೆತ್ತಿದ ಗಿಲಾವಿನದು. ಮಾಸ್ತರರು ಮಕ್ಕಳಿಗೆಲ್ಲ ಬೂಂದಿ ಹಂಚಿದರು. ನಾನಂತೂ ಖುಷಿಗೆ ಆಕೆಯನ್ನು ಮನೆಗೆ ಕರೆದು ಮಂಡಕ್ಕಿ ನೆನೆಸಿ ಸುಸಲ ಕಲಸಿ ಕೊಟ್ಟೆ. ತಿನ್ನುತ್ತ ಕೂತಿದ್ದಾಗ ನನ್ನ ಬೆನ್ನುನೋವಿನ ಪುರಾಣ ತೆಗೆದೆ.

"ನಿನ್ನ ಸಲುವಾಗಿ ಪುಸ್ತಕದ ಗಂಟು ಹೊತ್ತು ಹೊತ್ತು ನಡ ಹಿಡಕೊಂಡೈತಿ ನೋಡವ್ವಾ."

"ಯಾವ ಪುಸ್ತಕರೀ?"

"ಮಾಳಿಗಿದು. ಪೂರಾ ಖಾಲಿ ಮಾಡಿದ್ವಲ್ಲ, ನೀ ಬರೋ ಮೊದಲಽ."

ಆಕೆ ತಟ್ಟೆ ಕೆಳಗಿಟ್ಟಳು. ಭಾರ ಇಳಿದರೆ ಕಟ್ಟಡ ಬೇಗಬೇಗ ನಡುಗುತ್ತದಂತೆ, ಬಲವಾದ ಕಟ್ಟಡವೂ ಹಾಗೆಯೇ ನಡುಗುತ್ತದಂತೆ. ಲೆಕ್ಕದೊಳಗೆ ಭಾರ ಇನ್ನೂ ಇತ್ತು, ಮಾಳಿಗೆಯಲ್ಲಿ ಇರಲಿಲ್ಲ. ಆ ವ್ಯತ್ಯಾಸವನ್ನೆಲ್ಲ ಕಂಪ್ಯೂಟರು ಕಂಬಗಳ ಗಟ್ಟಿತನವೆಂದು ಎಣಿಸಿಬಿಟ್ಟಿತ್ತು. "ಬಾಗಿಲು ತೆಗಸಬೇಕಾಗಿತ್ತು ನಾನು... ತೆಗಸಬೇಕಾಗಿತ್ತು," ಎಂದು ಎದ್ದು ಹೋದಳು.

ಭಾರ ತೆಗೆದು ಮತ್ತೆ ಲೆಕ್ಕ ಮಾಡಿದಾಗ ಗುಬ್ಬಿಗಳೆಲ್ಲ ಹಿಂಬದಿಯ ಎರಡು ಕಂಬಗಳ ಮೇಲೆ ಹೋಗಿ ಕೂತವು, ಒಳಗೊಳಗೇ ಸೊರಗಿದ್ದು ಅವೇ ಎಂದು ಲೆಕ್ಕ ಹೇಳಿತು. ಒಂದನೇ ತರಗತಿಯ ಮಕ್ಕಳು ಕೂಡುತ್ತಿದ್ದದ್ದು ಅಲ್ಲೇ.

ಮರುದಿನ ಮಾಸ್ತರರ ಕೋಣೆಯಲ್ಲಿ ನಡೆದ ಮಾತು ನನಗೆ ಇನ್ನೂ ಕಿವಿಯಲ್ಲಿದೆ. ಮಾಸ್ತರರು ಕೆಟ್ಟವರಲ್ಲ, ಆ ಶಾಲೆಗಾಗಿ ಜೀವ ತೇದವರು. "ಕೊಟ್ಟ ರಿಪೋರ್ಟು ಕೊಟ್ಟಂಗಽ ಇರ್ಲಿ. ಹೊಸಾದು ಕೊಟ್ರ ನಾಳೆನಽ ಬೀಗ ಹಾಕ್ತಾರ. ಕನ್ನಡ ಸಾಲಿ ಮತ್ತ ತೆರಿಯಂಗಿಲ್ಲ. ನಿನಗ ಹದಿನಾರಾಣೆ ಖಾತ್ರಿ ಐತೇನವ್ವಾ?"

"ಇಲ್ರೀ ಸರ್. ಖಾತ್ರಿ ಇಲ್ಲ."

"ಮತ್ಯಾಕ ಬರೀತಿ?"

"ಗಟ್ಟಿ ಐತಿ ಅಂತನೂ ಖಾತ್ರಿ ಇಲ್ಲಲ್ರೀ. ಮಕ್ಕಳು ಕೂಡ್ತಾವ ಅಲ್ಲಿ."

ಅಳುತ್ತಲೇ ಹೇಳಿದಳು. ಮಾಸ್ತರರೂ ಕಣ್ಣೊರೆಸಿಕೊಂಡರು. ನನಗೆ ಇಬ್ಬರ ಮೇಲೂ ಸಿಟ್ಟು ಬಂದಿತ್ತು, ಇಬ್ಬರ ಮೇಲೂ ಮರುಕ ಹುಟ್ಟಿತ್ತು.

ಮಾಸ್ತರರು ಹೆದರಿದ್ದೇ ಆಯಿತು. ಬೀಗ ಬಿತ್ತು. ಮಕ್ಕಳನ್ನು ತೆಲುಗು ಶಾಲೆಯ ವರಾಂಡದಲ್ಲಿ ಕೂಡಿಸಿದರು, ತಾತ್ಕಾಲಿಕ ಎಂದರು. ಒಂದೊಂದೇ ಮಗು ವರಾಂಡದಿಂದ ಎದ್ದು ಒಳಗಿನ ತೆಲುಗು ತರಗತಿಗೆ ಹೋಯಿತು. ನನಗೆ ನಾರಾಯಣಪೇಟೆಗೆ ವರ್ಗವಾಯಿತು. ಗದ್ವಾಲದ ಹುಡುಗಿ ಬಂದು ನಮ್ಮ ಸಾಲಿ ಮುಚ್ಚಿಸಿದಳು ಎಂದು ಊರು ಮಾತಾಡಿಕೊಂಡಿತು. ಅತ್ತೆಯ ಮನೆಗೆ ಬಂದರೆ ಯಾರೂ ಆಕೆಯನ್ನು ಮಾತಾಡಿಸುತ್ತಿರಲಿಲ್ಲ, ಕಡೆಗೆ ಆಕೆ ಬರುವುದನ್ನೇ ಬಿಟ್ಟಳು. ನನಗೆ ಮಾತ್ರ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಪ್ರತಿ ಸಲವೂ ಮೊದಲ ಪ್ರಶ್ನೆ ಒಂದೇ, "ಕಟ್ಟಡ ಹೆಂಗೈತ್ರೀ ಅಕ್ಕೋರ?" ನಿಂತಿದೆ ಎಂದರೆ ಸಮಾಧಾನದ ಉಸಿರು ಬಿಡುತ್ತಿದ್ದಳು. ಬಿದ್ದಿದ್ದರೆ ಆಕೆಯ ಮಾತು ನಿಜವಾಗುತ್ತಿತ್ತು, ಆದರೂ ಹಾಗಾಗುವುದು ಆಕೆಗೆ ಬೇಕಿರಲಿಲ್ಲ.

ಎರಡು ವರ್ಷದ ಹಿಂದೆ ಹೈದರಾಬಾದಿನಲ್ಲಿ ಜ್ವರ ಬಂದು ಆಸ್ಪತ್ರೆ ಸೇರಿದವಳು ಮನೆಗೆ ಮರಳಲಿಲ್ಲ. ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಆಕೆಯ ಅತ್ತೆ ಸಿಕ್ಕು ಹೇಳಿದರು. ನಾನು ಏರಬೇಕಾಗಿದ್ದ ಬಸ್ಸು ಹೋಯಿತು, ನೋಡುತ್ತ ನಿಂತೆ... ಆ ವಯಸ್ಸಿಗೆ ಹೋಗಬಾರದಿತ್ತು.

ಹೋದ ತಿಂಗಳು ಆ ಊರಿನ ನಾಲ್ಕೈದು ಮಂದಿ ನಮ್ಮ ಮನೆಗೆ ಬಂದರು. ಕನ್ನಡ ತರಗತಿ ಮತ್ತೆ ಶುರು ಮಾಡಿಸಬೇಕೆಂದು ಓಡಾಡುತ್ತಿದ್ದಾರಂತೆ. ಕೇಳಿ ನನ್ನ ಕಣ್ಣು ತುಂಬಿತು. ಹಳೆಯ ಕಟ್ಟಡ ಉಪಯೋಗಕ್ಕೆ ಬರುತ್ತದೆ ಎಂದು ಅಲ್ಲಿ ಕಲಿಸಿದ ನಾನು ಬರೆದುಕೊಟ್ಟರೆ ಕೆಲಸ ಸಲೀಸಾಗುತ್ತದೆ ಎಂದರು.

"ಇಷ್ಟು ವರ್ಷ ಆತು, ಒಂದು ಇಟ್ಟಂಗಿ ಬಿದ್ದಿಲ್ರೀ. ಆಕಿ ಮಾತು ಸುಳ್ಳಽ ಆತಲ್ರಿ?"

ಇರಬಹುದು. ಯಾರೂ ಆ ಕಂಬಗಳನ್ನು ಒಡೆದು ನೋಡಿಲ್ಲ. ಆದರೆ ಇಷ್ಟು ವರ್ಷ ಅದರೊಳಗೆ ಯಾರೂ ಕೂತಿಲ್ಲ, ಮಾಳಿಗೆಯ ಮೇಲೆ ಒಂದು ಚೀಲವೂ ಇಲ್ಲ. "ಗಿಡದ ಬುಡಕ ಕುಂಡ್ರಿಸ್ರಿ, ಸಂಬಳಿಲ್ದ ಬಂದು ಕಲಿಸ್ತೀನಿ. ಆ ಕಟ್ಟಡಕ್ಕ ಮಾತ್ರ ನಾ ಬರಿಯಂಗಿಲ್ರಿ," ಎಂದೆ. ಅವರು ಎಷ್ಟು ಹೇಳಿದರೂ ನಾನು ಒಪ್ಪಲಿಲ್ಲ. ಚಹಾ ಮುಟ್ಟದೆ ಎದ್ದರು. ಅವರಲ್ಲಿ ಹಿರಿಯರೊಬ್ಬರು ಹೊಸ್ತಿಲಲ್ಲಿ ತಿರುಗಿ, "ಅಕ್ಕೋರ, ನೀವೂ ಆಕಿ ಹಂಗಽ ಆದ್ರಿ," ಎಂದು ಬೈದು ಹೋದರು.

ಅವರು ಬೀದಿ ದಾಟುವವರೆಗೂ ಬಾಗಿಲಲ್ಲೇ ನಿಂತಿದ್ದೆ. ನನ್ನ ಜೀವನದಲ್ಲಿ ಯಾರೂ ನನ್ನನ್ನು ಅಷ್ಟು ದೊಡ್ಡದಾಗಿ ಹೊಗಳಿರಲಿಲ್ಲ. ಆಕೆಗೆ ಹೇಳಬೇಕು ಅನ್ನಿಸಿತು... ಕೇಳಿದ್ದರೆ ಎಷ್ಟು ನಗುತ್ತಿದ್ದಳು ಹುಡುಗಿ.