ಅಕ್ಕೋರು ಕೂತ ಮೆಣಸಿನಕಾಯಿ ರಾಶಿ

‘ಮೆಣಸಿನಕಾಯಿ ತೊಟ್ಟು ಮುರಿಯೂ ಕೈಗೆ ಡಿಗ್ರಿ ಸಿಗತೈತೇನ? ಆಗೂ ಮಾತಲ್ಲಿದು,’ ಎಂದು ನನ್ನ ಕೈ ತೋರಿಸಿ ನಕ್ಕವನು ನನ್ನ ಸೋದರಮಾವ. ಅವನೆದುರೇ ರಾಶಿಯ ಪಕ್ಕ ಕೂತಿದ್ದ ಅಕ್ಕೋರು ಇನ್ನೊಂದು ತೊಟ್ಟು ಮುರಿದರು. ಅವರ ಬೆರಳ ತುದಿಗಳು ಕೆಂಪಗೆ ಊದಿಕೊಂಡಿದ್ದವು. ಮರುದಿನ ಸೀಮೆಸುಣ್ಣಕ್ಕೆ ಕರವಸ್ತ್ರ ಸುತ್ತಿಕೊಂಡು ಬೋರ್ಡಿನ ಮೇಲೆ ಬರೆದರು.

ಬ್ಯಾಡಗಿಯ ನಮ್ಮ ಓಣಿಯ ಸರ್ಕಾರಿ ಶಾಲೆಯಲ್ಲಿ ಆರು, ಏಳನೇ ತರಗತಿಗೆ ಅವರೇ ಶಿಕ್ಷಕಿ. ಅನುಕೂಲ ಇದ್ದವರ ಮಕ್ಕಳು ಕಾನ್ವೆಂಟಿನ ಹಳದಿ ಬಸ್ಸು ಹತ್ತಿದರು. ಇಲ್ಲದವರ ಮಕ್ಕಳು, ಸುಗ್ಗಿ ಬಂತೆಂದರೆ, ತಾಯಂದಿರ ಜೊತೆ ಮೆಣಸಿನಕಾಯಿ ಬಿಡಿಸಲು ಹೋದರು. ಶಾಲೆಯಲ್ಲಿ ಖಾಲಿ ಬೆಂಚುಗಳು ಉಳಿದವು. ಬಂದವರಿಗೂ ಓದು ನೆಟ್ಟಗೆ ಬರುತ್ತಿರಲಿಲ್ಲ. ಏಳನೇ ತರಗತಿಯಲ್ಲೂ ನಾನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಿದ್ದೆ.

ಆ ಸುಗ್ಗಿಯಲ್ಲಿ ಅವ್ವ ನನ್ನನ್ನೂ ಶಾಲೆ ಬಿಡಿಸಿ ಮೆಣಸಿನಕಾಯಿ ರಾಶಿಗೆ ಕರೆದೊಯ್ದಳು. ಮಾವನೇ ಅಲ್ಲಿ ಮೇಸ್ತ್ರಿ. ಒಂದು ಸಂಜೆ ಅಕ್ಕೋರು ಅಲ್ಲಿಗೇ ಬಂದರು. ಬೈಯುತ್ತಾರೆ ಅಂದುಕೊಂಡೆ. ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಅವ್ವನ ಪಕ್ಕ ಕುಳಿತು, ತೊಟ್ಟು ಮುರಿಯತೊಡಗಿದರು.

‘ಅಯ್ಯ ಅಕ್ಕೋರ, ನಿಮ್ಮ ಕೈ ಉರೀತಾವ್ರಿ!’ ಎಂದಳು ಅವ್ವ.

‘ಉರೀಲಿ. ಆಕೀವು ಉರಿಯೂದಿಲ್ಲೇನು?’

ಅವ್ವ ನನ್ನ ಕೈ ನೋಡಿದಳು.

‘ಹಗಲೊತ್ತು ಆಕಿನ್ನ ಶಾಲಿಗೆ ಕಳಸು. ಆಕಿ ಪಾಲಿಂದು ಸಂಜೀಕ ನಾ ಬಿಡಸ್ತೇನಿ.’

ಸುಗ್ಗಿ ಮುಗಿಯುವವರೆಗೂ ಹಾಗೇ ಮಾಡಿದರು. ‘ನೀ ಓದು. ನಮ್ಮ ಕೈಗೆ ಕೆಲಸ ಐತಿ, ಕಿವಿ ಖಾಲಿ ಅದಾವ,’ ಎಂದು ನನಗೆ ಪಾಠದ ಪುಸ್ತಕ ಕೊಡುತ್ತಿದ್ದರು. ಘಾಟಿಗೆ ಕೆಮ್ಮುತ್ತ, ಸೀನುತ್ತ ಓದಿದೆ. ತಡವರಿಸಿದರೆ ಹೆಂಗಸರೇ, ‘ಏ ಹುಡುಗಿ, ಅದನ್ನ ಮತ್ತೊಮ್ಮೆ ಓದು, ತಿಳೀಲಿಲ್ಲ,’ ಎನ್ನುತ್ತಿದ್ದರು. ಮಾವನಿಗೆ ಮಾತ್ರ ನಗು: ‘ಅಕ್ಕೋರ, ಶಾಲಿ ಮುಚ್ಚಿದ ಮ್ಯಾಲ ಇಲ್ಲೇ ಬರ್ರಿ, ಕೈ ಪಳಗ್ಯಾವ!’

ಶಾಲೆಯ ಮಟ್ಟಿಗೆ ಅವನ ಮಾತು ನಿಜವಾಯಿತು. ನಾನು ಏಳನೇ ತರಗತಿ ಪಾಸಾಗಿ ರಾಣೆಬೆನ್ನೂರಿನ ಹಾಸ್ಟೆಲ್ಲಿಗೆ ಹೋದೆ. ಕೆಲವು ವರ್ಷಗಳಲ್ಲಿ, ಮಕ್ಕಳಿಲ್ಲವೆಂದು, ನಮ್ಮ ಶಾಲೆಯ ಆರು, ಏಳನೇ ತರಗತಿಗಳನ್ನು ಊರಾಚೆಯ ಶಾಲೆಗೆ ಸೇರಿಸಿದರು. ಅಷ್ಟು ದೂರ ಯಾರು ಕಳಿಸುತ್ತಾರೆ? ಓಣಿಯ ಹುಡುಗಿಯರು ಐದನೇ ತರಗತಿಗೇ ಓದು ಬಿಟ್ಟು ರಾಶಿಯ ಮುಂದೆ ಕುಳಿತರು. ಅದಕ್ಕೂ ಮೊದಲು ಪ್ರತಿ ಬೇಸಿಗೆಯಲ್ಲೂ ಅಕ್ಕೋರು ಬಿಸಿಲಲ್ಲಿ ಮನೆಮನೆ ತಿರುಗಿ, ‘ನಿಮ್ಮ ಕೂಸಿನ್ನ ನಮ್ಮ ಶಾಲಿಗೆ ಹಾಕ್ರಿ’ ಎಂದು ಕೇಳಿದ್ದರು. ಬೇಡಿ ಬಂದವರಿಗೆ ಹಿಡಿ ಜೋಳವನ್ನಾದರೂ ಹಾಕುವ ಓಣಿ ಅವರನ್ನು ಬರಿಗೈಯಲ್ಲಿ ಕಳಿಸಿತು.

ನಾನು ಹಾವೇರಿಯಲ್ಲಿ ಬಿ.ಎ. ಕೊನೆಯ ಪರೀಕ್ಷೆ ಬರೆಯುವಾಗ ಅವರು ತೀರಿಕೊಂಡರು. ಪರೀಕ್ಷೆ ಮುಗಿಯುವವರೆಗೆ ನನಗೆ ಯಾರೂ ತಿಳಿಸಲಿಲ್ಲ.

ನಮ್ಮ ಮನೆತನದಲ್ಲಿ ಮೊದಲನೆಯ ಪದವಿ ನನ್ನದು. ಪ್ರಮಾಣಪತ್ರ ಕೈಗೆ ಬಂದ ದಿನ ಊರಿಗೆ ಹೋಗಲಿಲ್ಲ, ಹಲಗೇರಿಗೆ ಹೋದೆ. ಕೊನೆಗಾಲದಲ್ಲಿ ಅಕ್ಕೋರನ್ನು ನೋಡಿಕೊಂಡ ಅವರ ಅಕ್ಕ ಅಲ್ಲಿದ್ದಾರೆ. ಹೆಸರು ಹೇಳಿ, ಪ್ರಮಾಣಪತ್ರವನ್ನು ಅವರ ಕೈಗಿಟ್ಟೆ. ಎರಡೂ ಕೈಯಲ್ಲಿ ಹಿಡಿದು, ನನ್ನ ಹೆಸರಿನ ಮೇಲೆ ಬೆರಳಿಟ್ಟರು.

‘ನೀನ ಏನವ್ವಾ ಆ ಹುಡುಗಿ? ಜ್ವರದ ಕನವರಿಕ್ಯಾಗ ನಮ್ಮ ತಂಗಿ ಹಾಜರಿ ಕರೀತಿದ್ಲು. ಒಂದೊಂದ ಹೆಸರು ಕರದು, ಕಾದು, “ಬರಲಿಲ್ಲ” ಅಂತಿದ್ಲು. ನಿನ್ನ ಹೆಸರಿಗಷ್ಟ, “ಬಂದಾಳ” ಅಂತಿದ್ಲು.’